ಹಗೇವಿನ ಗಾಳಿ

1981ರ ಮೇ 14, ಗುರುವಾರ. ಬೆಳಿಗ್ಗೆ 7 ಗಂಟೆ 20 ನಿಮಿಷಕ್ಕೆ ಹಗೇವಿನ ಬಾಯಿಯ ಮೇಲಿನ ಮಣ್ಣು ಕೆದರಲು ಆರಂಭಿಸಿದರು. ಗಾಳಿ ನೈರುತ್ಯದಿಂದ, ಮೆಲ್ಲಗೆ. ಮೋಡ ಇಲ್ಲ.

ನನ್ನ ಡೈರಿಯಲ್ಲಿ ಆ ದಿನದ ಪುಟ ಹೀಗೆ ಶುರುವಾಗುತ್ತದೆ. ಪುಟದಲ್ಲಿ ಒಟ್ಟು ಹತ್ತೊಂಬತ್ತು ಸಾಲುಗಳಿವೆ. ಹದಿನೆಂಟನ್ನು ಕೇಳಿದವರಿಗೆಲ್ಲ ಓದಿ ಹೇಳಿದ್ದೇನೆ. ಒಂದನ್ನು ಸುಮಾರು ಎರಡು ವರ್ಷ ಯಾರಿಗೂ ಓದಲಿಲ್ಲ.

ಹಗೇವು ಕಾಣದವರಿಗೆ ಇಷ್ಟು ಹೇಳಬೇಕು. ನಮ್ಮ ಸೀಮೆಯಲ್ಲಿ ಜೋಳವನ್ನು ನೆಲದೊಳಗೆ ಇಡುವ ಪದ್ಧತಿ ಇದೆ. ನೀರು ನಿಲ್ಲದ ಗಟ್ಟಿ ದಿನ್ನೆ ನೋಡಿ ಗಡಿಗೆಯ ಆಕಾರದಲ್ಲಿ ಅಗೆಯುತ್ತಾರೆ. ಬಾಯಿ ಚಿಕ್ಕದು, ಹೊಟ್ಟೆ ದೊಡ್ಡದು. ಒಳಗೆ ಸುತ್ತಲೂ ಸೊಪ್ಪೆ, ಅಂದರೆ ಒಣಗಿದ ಜೋಳದ ದಂಟು, ಹಾಸಿ, ಕಾಳು ತುಂಬಿ, ಬಾಯಿಗೆ ಬಂಡೆ ಮುಚ್ಚಿ, ಮೇಲೆ ಮಣ್ಣು ಮೆತ್ತುತ್ತಾರೆ. ಮೂರು ನಾಲ್ಕು ವರ್ಷ ಕಾಳಿಗೆ ಏನೂ ಆಗುವುದಿಲ್ಲ. ಮುಚ್ಚಿದ ಕತ್ತಲೆಯಲ್ಲಿ ಕಾಳೂ ಉಸಿರಾಡುತ್ತದೆ. ಇದ್ದ ಆಮ್ಲಜನಕವನ್ನು ತಾನೇ ಮುಗಿಸಿ ಇಂಗಾಲದ ಡೈಆಕ್ಸೈಡನ್ನು ತುಂಬಿಡುತ್ತದೆ. ಅದರಲ್ಲಿ ಹುಳ ಬದುಕುವುದಿಲ್ಲ, ಹಾಗಾಗಿ ಕಾಳು ಉಳಿಯುತ್ತದೆ. ಮನುಷ್ಯನೂ ಬದುಕುವುದಿಲ್ಲ.

ಆದೋನಿಯ ಹತ್ತಿರದ ಪೆದ್ದಹರಿವಾಣದಲ್ಲಿ ನನ್ನ ಸೋದರಮಾವನ ಮನೆಯ ಮುಂದಿನ ಅಂಗಳದಲ್ಲಿ ಇಂಥ ಎರಡು ಹಗೇವುಗಳಿದ್ದವು. ಮಾವ ನನ್ನ ತಾಯಿಯ ತಮ್ಮ. ಆಗ ಅವನಿಗೆ ಮೂವತ್ತೇಳು. ಹತ್ತಿ ಮಾರಲು ಆದೋನಿಗೆ ಬಂದಾಗಲೆಲ್ಲ ನಮ್ಮ ಮನೆಯಲ್ಲೇ ಊಟ. ಹತ್ತಿ ಮಂಡಿಯವರು ಹೊಸ ವರ್ಷಕ್ಕೆ ಕೊಡುವ ಡೈರಿಯನ್ನು ಅವನು ತೆರೆದೂ ನೋಡದೆ ನನಗೆ ಕೊಡುತ್ತಿದ್ದ. ಆರನೇ ತರಗತಿಯಿಂದ ನಾನು ಬರೆದ ಎಲ್ಲ ಡೈರಿಗಳೂ ಅವನು ಕೊಟ್ಟವು. ಮಳೆ ಬಂದ ದಿನ, ನಲ್ಲಿಗೆ ನೀರು ಬಿಟ್ಟ ಗಂಟೆ, ಬಸ್ಸು ತಡವಾದ ನಿಮಿಷ, ಎಲ್ಲವನ್ನೂ ಬರೆದಿಡುವುದು ನೋಡಿ ನನ್ನನ್ನು ‘ಲೆಕ್ಕದ ಅಳಿಯ’ ಎನ್ನುತ್ತಿದ್ದ.

ಆ ವರ್ಷ ನಾನು ಆದೋನಿಯ ಕಾಲೇಜಿನಲ್ಲಿ ಬಿ.ಎಸ್ಸಿ. ಎರಡನೇ ವರ್ಷ ಮುಗಿಸಿದ್ದೆ. ಫೆಬ್ರವರಿಯಲ್ಲಿ ರಸಾಯನಶಾಸ್ತ್ರದ ಮೇಷ್ಟ್ರು ನಮಗೆ ಒಂದು ಪ್ರಯೋಗ ತೋರಿಸಿದ್ದರು. ಒಂದು ಮೀಟರ್ ಉದ್ದದ ಗಾಜಿನ ಕೊಳವೆ. ಒಂದು ತುದಿಗೆ ಅಮೋನಿಯಾದಲ್ಲಿ ಅದ್ದಿದ ಹತ್ತಿ, ಇನ್ನೊಂದು ತುದಿಗೆ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಅದ್ದಿದ ಹತ್ತಿ. ಎರಡೂ ಅನಿಲಗಳು ಕೊಳವೆಯೊಳಗೆ ಎದುರುಬದುರು ಹೊರಟು, ಸಂಧಿಸಿದ ಕಡೆ ಬಿಳಿ ಉಂಗುರ ಕಟ್ಟುತ್ತವೆ. ಅಮೋನಿಯಾ ಹಗುರ, ಹಾಗಾಗಿ ಹೆಚ್ಚು ದೂರ ಬರುತ್ತದೆ. ಉಂಗುರ ಆಮ್ಲದ ತುದಿಗೆ ಹತ್ತಿರ ಬಿತ್ತು. ಮೇಷ್ಟ್ರು ತೆಲುಗಿನಲ್ಲಿ, “ಏಮಯ್ಯಾ, ಟೈಮು ರಾಸಾವಾ?” ಎಂದು ನನ್ನ ಕಡೆ ನೋಡಿದರು, ಹೊತ್ತು ಬರೆದುಕೊಂಡೆಯಾ ಎಂದು. ಬರೆದಿದ್ದೆ. ಹದಿನಾಲ್ಕು ನಿಮಿಷ. ಆಮೇಲೆ ಅವರು ಬೋರ್ಡಿನ ಮೇಲೆ ಅಣುಗಳ ವೇಗ ಬರೆದರು. ಅಮೋನಿಯಾದ್ದು ಸೆಕೆಂಡಿಗೆ ಆರುನೂರು ಮೀಟರಿಗೂ ಮೇಲೆ, ಇಂಗಾಲದ ಡೈಆಕ್ಸೈಡಿನದು ನಾನೂರರ ಮೇಲೆ. ಅದನ್ನೂ ಬರೆದುಕೊಂಡೆ. ಸಣ್ಣ ರಂಧ್ರದಿಂದ ಅನಿಲ ನುಗ್ಗಿ ಹೊರಬೀಳುವುದಕ್ಕೆ ಒಂದು ಸೂತ್ರ ಇದೆ, ಅದನ್ನೂ ಬರೆದುಕೊಂಡೆ. ಪರೀಕ್ಷೆಯಲ್ಲಿ ಅದೇ ಬಂದಿತ್ತು, ಪೂರ್ತಿ ಅಂಕ ಬಂದವು.

ಮೇ ತಿಂಗಳಲ್ಲಿ ರಜೆಗೆ ಮಾವನ ಊರಿಗೆ ಹೋದೆ. ಮನೆಯಲ್ಲಿ ಜೋಳ ಮುಗಿಯುತ್ತಾ ಬಂದಿತ್ತು, ಹಗೇವು ತೆಗೆಯಬೇಕಿತ್ತು. ಅದಕ್ಕೆ ಊರಿನಲ್ಲಿ ಒಬ್ಬ ಮುದುಕ ಇದ್ದ. ಎಲ್ಲರೂ ತಾತ ಎನ್ನುತ್ತಿದ್ದರು. ಯಾರ ಹಗೇವು ತೆಗೆದರೂ ಬಂಡೆ ಎತ್ತಿಸುವುದು ಅವನೇ, ಮೊದಲು ಇಳಿಯುವುದೂ ಅವನೇ. ಹಿಂದಿನ ಸಂಜೆ ನಾನು ಮಾವನನ್ನು ಕೇಳಿ ಅಳತೆ ಬರೆದುಕೊಂಡಿದ್ದೆ. ಬಾಯಿ ಒಂದೂಮುಕ್ಕಾಲು ಅಡಿ. ಆಳ ಹದಿನಾಲ್ಕು ಅಡಿ. ಹೋದ ವರ್ಷ ಒಂದಿಷ್ಟು ತೆಗೆದು ಮತ್ತೆ ಮುಚ್ಚಿದ್ದರಿಂದ ಕಾಳು ಎಂಟಡಿ ಕೆಳಗೆ.

ಎಂಟು ಗಂಟೆ ಐದು ನಿಮಿಷಕ್ಕೆ ಇಬ್ಬರು ಆಳುಗಳು ಹಾರೆ ಹಾಕಿ ಬಂಡೆ ಎತ್ತಿದರು. ಹುಳಿ ವಾಸನೆ ಬಂತು, ಹೆಂಡದಂತೆ. ತಾತ ಎಲ್ಲರನ್ನೂ ಹಿಂದಕ್ಕೆ ಸರಿಸಿದ.

“ಯಾರೂ ಬಗ್ಗಬ್ಯಾಡ್ರಿ. ವರ್ಷಪೂರ್ತಿ ಮುಚ್ಚಿದ ಬಾಯಿ, ಮೊದಲ ಮಾತು ಚಲೋದು ಆಡಂಗಿಲ್ಲ.”

“ಎಷ್ಟೊತ್ತು ಬಿಡಬೇಕು ತಾತಾ?” ಎಂದು ನಾನು ಪೆನ್ನು ತೆಗೆದೆ.

“ಇವತ್ತು ರಾತ್ರಿ ಪೂರ್ತಿ. ಮುಂಜಾನಿ ಎದ್ದು ಬೇವಿನ ಹೊರಿ ಹಗ್ಗಕ್ಕ ಕಟ್ಟಿ ಇಳಿಸಿ ಎತ್ತೋದು. ಆಮ್ಯಾಲೆ ಕಂದೀಲು ಇಳಿಸೋದು, ಆರತೈತೇನು ನೋಡೋದು. ಆಮ್ಯಾಲೆ ನಾನು.”

“ಬೇವು ಯಾಕ? ಹುಳಕ್ಕಾ?”

“ಗಾಳಿಗಪಾ. ಒಳಗಿಂದು ಹೊರಗ ಬರಬೇಕು, ಹೊರಗಿಂದು ಒಳಗ ಹೋಗಬೇಕು.”

“ಗಾಳಿ ತಾನಾ ಹೋಗತೈತಿ, ತಾನಾ ಬರತೈತಿ ತಾತಾ.”

“ತಾನಾ ಬರೋದಾದ್ರ ನಿಮ್ಮ ಕಾಲೇಜಿನಾಗ ಫ್ಯಾನು ಯಾಕ ಹಾಕ್ಯಾರ?”

ಆಳುಗಳು ನಕ್ಕರು. ಮಾವ ಎಲ್ಲರಿಗಿಂತ ಜೋರಾಗಿ ನಕ್ಕ. ನನಗೆ ಸ್ವಲ್ಪ ಅವಮಾನವಾಯಿತು. ಇದು ಡೈರಿಯಲ್ಲಿ ಇಲ್ಲ, ಆದರೆ ಆಯಿತು.

ಮಧ್ಯಾಹ್ನ ಒಂದೂವರೆಗೆ ಸಿರುಗುಪ್ಪದ ಕಡೆ ಮೋಡ ಎದ್ದಿತು. ಎರಡಕ್ಕೆ ಕಪ್ಪಾಯಿತು. ಬಾಯಿ ತೆರೆದ ಹಗೇವಿಗೆ ಮಳೆ ಬಿದ್ದರೆ ಒಳಗಿನ ಕಾಳೆಲ್ಲ ಮೊಳೆತು ಕೊಳೆಯುತ್ತದೆ. ಬಂಡೆ ಮುಚ್ಚಿ ಮಣ್ಣು ಮೆತ್ತೋಣವೆಂದರೆ ಹಸಿಮಣ್ಣು ಮಳೆಗೆ ಕರಗಿ ಒಳಗೇ ಇಳಿಯುತ್ತದೆ. ಸಂಜೆಯೊಳಗೆ ಆದಷ್ಟು ಕಾಳು ತೆಗೆದುಬಿಡುವುದು ಒಂದೇ ದಾರಿ. ತಾತ ತಲೆಯಾಡಿಸಿದ. ಬಾಯಿಗೆ ತಗಡು ಇಟ್ಟು, ಸುತ್ತ ಒಡ್ಡು ಹಾಕಿ, ನಾಳೆಯವರೆಗೆ ಕಾಯೋಣ, ನೆನೆದಷ್ಟು ನೆನೆಯಲಿ ಎಂದ.

ಮಾವ ನನ್ನ ಕಡೆ ತಿರುಗಿದ. “ಏನಪಾ ಲೆಕ್ಕದ ಅಳಿಯಾ, ನಿನ್ನ ಪುಸ್ತಕ ಏನಂತೈತಿ? ಆ ಕೆಟ್ಟ ಗಾಳಿ ಹೋಗಾಕ ಎಷ್ಟೊತ್ತು ಬೇಕು?”

ಕಟ್ಟೆಯ ಮೇಲೆ ಕೂತು ಲೆಕ್ಕ ಮಾಡಿದೆ. ಹಗೇವಿನ ಬಾಯನ್ನು ನಾನು ಸೂತ್ರದ ರಂಧ್ರ ಎಂದುಕೊಂಡೆ. ಮಾಮೂಲು ಗಾಳಿಗೆ ಹೋಲಿಸಿದರೆ ಈ ಅನಿಲ ಸ್ವಲ್ಪ ಮಾತ್ರ ನಿಧಾನ, ಐದಕ್ಕೆ ನಾಲ್ಕರಷ್ಟು ವೇಗ. ಎರಡೂವರೆ ಮೀಟರ್ ದೂರ ದಾಟಲು ಅದಕ್ಕೆ ಸೆಕೆಂಡೂ ಬೇಡ. ಸುರಕ್ಷಿತವಾಗಿರಲಿ ಎಂದು ನಾನೇ ಮೂರು ಗಂಟೆ ಇಟ್ಟುಕೊಂಡೆ. ಆ ಮೂರು ಎಲ್ಲಿಂದ ಬಂತು ಎಂದು ಈಗ ಪುಟ ನೋಡಿದರೆ ತಿಳಿಯುವುದಿಲ್ಲ, ಅದಕ್ಕೆ ಲೆಕ್ಕವೇ ಇಲ್ಲ. ನಾನು ಬರೆದ ಸಾಲು ಇದು: ‘ಇಂಗಾಲದ ಡೈಆಕ್ಸೈಡ್, ಸೆಕೆಂಡಿಗೆ 410 ಮೀ. ಮೂರು ಗಂಟೆ ಸಾಕು. ಆರು ಗಂಟೆ ಆಗಿದೆ. ಇಳಿಯಬಹುದು.’

“ಮೂರು ತಾಸು ಸಾಕು ಮಾವ. ಆಗಲೇ ಆರಾಗ್ಯಾವ,” ಎಂದೆ. “ತಾತನ ಬೇವಿನ ಹೊರಿಗಿಂತ ಅದು ಜೋರು ಓಡತೈತಿ.”

ತಾತ ಬೀಡಿಯನ್ನು ನೆಲಕ್ಕೆ ಒತ್ತಿ ಆರಿಸಿದ. “ಓಡೋದು ಬ್ಯಾರೆ, ಹೊರಗ ಬರೋದು ಬ್ಯಾರೆ. ಸಂತ್ಯಾಗ ಎಲ್ರೂ ಓಡಾಡತಾರ. ಸಂತಿ ಅಲ್ಲೇ ಇರತೈತಿ.”

“ತಾತಗ ನಾಳೆ ಮಟ ಇಲ್ಲೇ ರೊಟ್ಟಿ ತಿನ್ನೋ ಆಸಿ,” ಎಂದ ಮಾವ.

“ನಾ ಇಳಿಯಂಗಿಲ್ಲ ಗೌಡ್ರ. ನೀವೂ ಇಳಿಬ್ಯಾಡ್ರಿ.”

ನಾನು ಇಳಿಯುತ್ತೇನೆ ಎಂದೆ. ಮಾವ ಒಪ್ಪಲಿಲ್ಲ. “ನೀ ಮ್ಯಾಲ ನಿಂತು ಬುಟ್ಟಿ ಎಣಸು. ಅದ ನಿನ್ನ ಕೆಲಸ.”

ಇಳಿಯುವ ಮೊದಲು ಮಾವ ಒಂದು ಹಳೆ ಪೇಪರನ್ನು ಸುರುಳಿ ಸುತ್ತಿ, ಕಡ್ಡಿ ಗೀರಿ, ಒಳಗೆ ಹಾಕಿದ. ಅದು ಉರಿಯುತ್ತಾ ಹೋಯಿತು, ಆರಿತು. ‘ತಳ ಮುಟ್ಟಿ ಆರಿತು’ ಎಂದು ಬರೆದಿದ್ದೇನೆ. ಕಾಳಿನ ಮೇಲೆ ಬಿದ್ದು ಆರಿತೋ, ಬೀಳುವ ಮೊದಲೇ ಆರಿತೋ? ಆಗ ನಾನು ನೋಡಿದ್ದು ಹೊಗೆಯನ್ನು ಮಾತ್ರ. ಬರೆಯುವಾಗ ನನಗೆ ಬೇಕಾದದ್ದನ್ನು ಬರೆದೆ ಎಂದು ಈಗ ಅನ್ನಿಸುತ್ತದೆ. ಆ ಸಾಲಿನ ಮೇಲೆ ಆಣೆ ಮಾಡಲಾರೆ.

ತಾತ ಹಟ ಹಿಡಿದು ಮಾವನ ಸೊಂಟಕ್ಕೆ ಹಗ್ಗ ಕಟ್ಟಿದ. ಮೂರು ಗಂಟೆ ನಲವತ್ತೆರಡು ನಿಮಿಷಕ್ಕೆ ಮಾವ ಇಳಿದ. ಕೆಳಗಿನಿಂದ ಅವನ ದನಿ ಗಡಿಗೆಯೊಳಗೆ ಮಾತಾಡಿದಂತೆ ಬಂತು. “ತಂಪೈತಿ ಅಳಿಯಾ. ಮ್ಯಾಲಿಗಿಂತ ಇಲ್ಲೇ ಚಲೋ.” ಮೊದಲ ಬುಟ್ಟಿ ನಲವತ್ತನಾಲ್ಕಕ್ಕೆ ಬಂತು. ಎರಡನೆಯದು ನಲವತ್ತಾರಕ್ಕೆ. ಎರಡು ಗೀಟು ಹಾಕಿದೆ. ಮೂರನೆಯ ಬುಟ್ಟಿ ಇಳಿಸಿದೆವು. ಹಗ್ಗ ಅಲುಗಲಿಲ್ಲ. ಕೂಗಿದೆವು.

ನಾನು ಬಾಯಿಯ ಅಂಚಿಗೆ ಕಾಲು ಇಳಿಬಿಟ್ಟಿದ್ದೆ. ತಾತ ನನ್ನ ಅಂಗಿಯ ಕೊರಳು ಹಿಡಿದು ಹಿಂದಕ್ಕೆ ಎಳೆದು ಕೆಡವಿದ. “ನೀ ಇಳಿದ್ರ ಇಬ್ರಾಗತೀರಿ. ಹಗ್ಗ ಹಿಡಿ.” ಎಲ್ಲರೂ ಎಳೆದೆವು. ದೇಹ ಮೇಲೆ ಬಂತು, ಬಾಯಿಯ ಹತ್ತಿರ ಹೆಗಲು ಸಿಕ್ಕಿಕೊಂಡಿತು. ತಾತ ಬೋರಲು ಮಲಗಿ, ಉಸಿರು ಕಟ್ಟಿ, ಒಳಗೆ ಕೈ ಹಾಕಿ ಒಂದು ತೋಳನ್ನು ಮೇಲೆತ್ತಿದ. ಮತ್ತೆ ಎಳೆದೆವು. ಅಂಗಳದಲ್ಲಿ ಮಲಗಿಸಿದಾಗ ಮೂರು ಗಂಟೆ ಐವತ್ತೆಂಟು. ಆಗಲೂ ನಾನು ಗಡಿಯಾರ ನೋಡಿದ್ದೆ.

ಅತ್ತೆ ರೊಟ್ಟಿ ಬಡಿಯುತ್ತಿದ್ದವಳು ಹಿಟ್ಟಿನ ಕೈಯಲ್ಲೇ ಬಂದಳು. ಮಾವನ ಮುಖ ಒರೆಸಿದಳು, ಹಿಟ್ಟು ಅವನ ಕೆನ್ನೆಗೆ ಹತ್ತಿತು. ಪಕ್ಕದ ಮನೆಯವರ ಟ್ರ್ಯಾಕ್ಟರಿನಲ್ಲಿ ಆದೋನಿಗೆ ಒಯ್ದೆವು. ದಾರಿಯ ಅರ್ಧದಲ್ಲೇ ಎಲ್ಲರಿಗೂ ಗೊತ್ತಾಗಿತ್ತು. ಯಾರೂ ಟ್ರ್ಯಾಕ್ಟರ್ ನಿಲ್ಲಿಸು ಎನ್ನಲಿಲ್ಲ. ಮೋಡ ಎಮ್ಮಿಗನೂರಿನ ಕಡೆ ಹೋಯಿತು. ಪೆದ್ದಹರಿವಾಣದಲ್ಲಿ ಅಂದು ಒಂದು ಹನಿಯೂ ಬೀಳಲಿಲ್ಲ.

ನಮ್ಮವರಲ್ಲಿ ಸುಡುವುದಿಲ್ಲ. ವಿಭೂತಿ ಹಚ್ಚಿ, ಕೂಡಿಸಿ, ಹೂಳುತ್ತಾರೆ. ಮರುದಿನ ಹೊಲದ ಬದುವಿನಲ್ಲಿ ಕುಣಿ ತೋಡಿದರು. ಅದರ ಅಳತೆಯನ್ನು ನಾನು ಬರೆದುಕೊಳ್ಳಲಿಲ್ಲ. ಆ ದಿನದ ಪುಟ ಖಾಲಿ ಇದೆ.

ಊರಿನ ಮಾತು ಒಂದೇ ಆಗಿತ್ತು: ಗೌಡನಿಗೆ ಅವಸರ, ತಾತನ ಮಾತು ಕೇಳಲಿಲ್ಲ. ಅತ್ತೆಯೂ ಬಂದವರಿಗೆಲ್ಲ ಅದನ್ನೇ ಹೇಳುತ್ತಿದ್ದಳು. “ಅವರಿಗೆ ಮೊದಲಿಂದ ಅವಸರ. ಉಣ್ಣಾಕ ಅವಸರ, ಬಸ್ಸು ಹತ್ತಾಕ ಅವಸರ. ಯಾರನ್ನೂ ಒಂದು ಮಾತು ಕೇಳಲಿಲ್ಲ ನೋಡ್ರಿ, ಇಳಿದಬಿಟ್ರು.” ಆಳುಗಳಿಬ್ಬರೂ ನಾನು ಲೆಕ್ಕ ಹೇಳುವ ಹೊತ್ತಿಗೆ ಚೀಲ ತರಲು ಹೋಗಿದ್ದರು. ನನ್ನ ಮಾತು ಕೇಳಿದ್ದವರು ಮಾವ ಮತ್ತು ತಾತ ಇಬ್ಬರೇ. ತಾತ ಬಾಯಿ ಬಿಡಲಿಲ್ಲ. ಮಾವನ ಬಗ್ಗೆ ಅತ್ತೆ ಹಾಗೆ ಅಂದಾಗಲೆಲ್ಲ ನಾನು ಅಲ್ಲೇ ಕೂತಿದ್ದೆ. ನಾಲ್ಕು ಸಲ ಕೇಳಿದ್ದು ಲೆಕ್ಕವಿದೆ. ಆಮೇಲೆ ಎಣಿಸುವುದನ್ನು ಬಿಟ್ಟೆ.

ಕಾಲೇಜು ಮತ್ತೆ ಶುರುವಾದ ಮೇಲೆ ಒಂದು ದಿನ ಹಳೆಯ ಪ್ರಯೋಗದ ಪುಸ್ತಕ ತೆರೆದೆ. ಕೊಳವೆಯ ಚಿತ್ರ, ಕೆಳಗೆ ‘ಹದಿನಾಲ್ಕು ನಿಮಿಷ’. ಅದರ ಕೆಳಗೆ ನಾಲ್ಕು ಬೆರಳು ಬಿಟ್ಟು ‘ಸೆಕೆಂಡಿಗೆ 600 ಮೀ.ಗೂ ಮೇಲೆ’. ಸೆಕೆಂಡಿಗೆ ಆರುನೂರು ಮೀಟರ್ ಓಡುವ ವಸ್ತು ಒಂದು ಮೀಟರಿನ ಕೊಳವೆಯಲ್ಲಿ ಅರ್ಧಕ್ಕೆ ಸ್ವಲ್ಪ ಮುಂದೆ ಬರಲು ಹದಿನಾಲ್ಕು ನಿಮಿಷ ತೆಗೆದುಕೊಂಡಿತ್ತು. ಎರಡನ್ನೂ ನನ್ನ ಕೈಯಲ್ಲೇ ಬರೆದಿದ್ದೆ. ಒಂದರ ಪಕ್ಕ ಒಂದನ್ನು ಇಟ್ಟು ನೋಡಿರಲಿಲ್ಲ.

ಮೇಷ್ಟ್ರನ್ನು ಕೇಳಿದೆ, ಯಾಕೆ ಎಂದು ಹೇಳದೆ. ಅವರು ತಾಳ್ಮೆಯಿಂದ ವಿವರಿಸಿದರು. ಅಣು ಓಡುತ್ತದೆ, ನಿಜ. ಆದರೆ ಒಂದು ಕೂದಲೆಳೆಯ ದಪ್ಪದಷ್ಟು ದೂರವೂ ನೆಟ್ಟಗೆ ಹೋಗಲು ಆಗುವುದಿಲ್ಲ. ಪಕ್ಕದ ಅಣುವಿಗೆ ಬಡಿದು ತಿರುಗುತ್ತದೆ, ಮತ್ತೆ ಬಡಿದು ಮತ್ತೆ ತಿರುಗುತ್ತದೆ. ಓಡಿದ್ದು ಬಹಳ, ಹೊರಟ ಜಾಗದಿಂದ ದೂರ ಬಂದದ್ದು ಅತಿ ಕಡಿಮೆ. ದೂರ ಎರಡರಷ್ಟಾದರೆ ಕಾಲ ನಾಲ್ಕರಷ್ಟಾಗುತ್ತದೆ. ರಂಧ್ರದ ಸೂತ್ರವೂ ಹಗೇವಿಗೆ ಸಲ್ಲದು ಎಂದು ಆಗ ನನಗೆ ಹೊಳೆಯಿತು. ಸೂಜಿಯ ಮೊನೆಗಿಂತ ಸಣ್ಣ ರಂಧ್ರದಾಚೆ ಏನೂ ಇಲ್ಲದ ಖಾಲಿ ಇದ್ದರೆ ಅದು ಸರಿ. ಹಗೇವಿನ ಬಾಯಿಯಾಚೆ ಖಾಲಿ ಎಲ್ಲಿದೆ? ಅಲ್ಲಿ ಊರೆಲ್ಲದರ ಗಾಳಿ ಒತ್ತಿ ನಿಂತಿರುತ್ತದೆ. ಮೇಲಾಗಿ ಈ ಅನಿಲ ಗಾಳಿಗಿಂತ ಭಾರ. ಮಾವ ಬುಟ್ಟಿಗೆ ಕಾಳು ಎಳೆದಂತೆಲ್ಲ ಕಾಳಿನ ಸಂದಿನಲ್ಲಿ ನಿಂತದ್ದೂ ಎದ್ದಿರಬೇಕು. ಅವನು ಬಗ್ಗಿದ್ದ.

ಮೇಷ್ಟ್ರು ಕೊಟ್ಟ ಸೂತ್ರದಿಂದ ಆ ರಾತ್ರಿ ಮತ್ತೆ ಲೆಕ್ಕ ಹಾಕಿದೆ. ಎಂಟಡಿಗೆ ಎರಡು ದಿನಕ್ಕೂ ಮೇಲೆ. ಹದಿನಾಲ್ಕಡಿಗೆ ಆರು ದಿನಕ್ಕೂ ಮೇಲೆ. ಗಾಳಿಯನ್ನು ಯಾರೂ ಕಲಕದೆ ಇದ್ದರೆ. ತಾತನ ಬೇವಿನ ಹೊರೆ ಅದನ್ನೇ ಮಾಡುತ್ತಿತ್ತು, ಕಲಕುತ್ತಿತ್ತು.

ದೀಪಾವಳಿಗೆ ತಾತನ ಗುಡಿಸಲಿಗೆ ಹೋದೆ. ಜ್ವರದಿಂದ ಮಲಗಿದ್ದ. ಹೊರೆಯನ್ನು ಎಷ್ಟು ಸಲ ಇಳಿಸಿ ಎತ್ತಬೇಕು ಎಂದು ಕೇಳಿದೆ.

“ಎಣಿಸಿಲ್ಲಪಾ. ಸಾಕು ಅನಿಸೋ ಮಟ.”

“ಅಂದಾಜು? ಐವತ್ತು? ನೂರು?”

“ಎಣಿಸಿದ್ರ ಹೇಳತಿದ್ದೆ.” ಕಂಬಳಿ ಎಳೆದುಕೊಂಡು, “ನಾನು ಯಾರಿಗೂ ಹೇಳಿಲ್ಲ,” ಎಂದ. “ಹೇಳಾಕ ಅದು ನನ್ನ ಮಾತಲ್ಲ. ನಿಂದು.”

ಸಂಕ್ರಾಂತಿಗೆ ಮೊದಲು ತಾತ ತೀರಿಕೊಂಡ.

ಈ ವರ್ಷ, 1983ರ ಏಪ್ರಿಲ್ 24, ಭಾನುವಾರ ಪೆದ್ದಹರಿವಾಣಕ್ಕೆ ಹೋದೆ. ಅತ್ತೆ ಪಡಸಾಲೆಯಲ್ಲಿ ಮೊರದ ಮುಂದೆ ಕೂತು ಜೋಳದೊಳಗಿನ ಹರಳು ಆರಿಸುತ್ತಿದ್ದಳು. ಡೈರಿ ತಂದಿದ್ದೆ. ಆ ದಿನ ಏನೇನು ಬರೆದಿದ್ದೆನೋ ಪೂರ್ತಿ ಓದುತ್ತೇನೆ ಎಂದೆ. ಹತ್ತೊಂಬತ್ತು ಸಾಲನ್ನೂ ಓದಿದೆ. ಆಕೆಯ ಬೆರಳು ನಿಲ್ಲಲಿಲ್ಲ.

“ಆ ಲೆಕ್ಕದ್ದು ಇನ್ನೊಮ್ಮೆ ಓದು.”

ಓದಿದೆ.

“ಹಂಗಾರ ಅವರು ಕೇಳಿದ್ರು.”

“ಹೂಂ ಅತ್ತಿ. ನನ್ನ ಕೇಳಿದ್ರು. ನಾ ಹೇಳಿದೆ.”

“ಕೇಳೇ ಇಳದ್ರು.” ಮೊರವನ್ನು ಬದಿಗೆ ಇಟ್ಟಳು. “ಎರಡು ವರ್ಷ ಬೈದೆ ನಾನು ಅವರನ್ನ. ದೀಪ ಹಚ್ಚಿ ಫೋಟೋದ ಮುಂದ ನಿಂತು ಬೈದೆ. ಒಂದು ಮಾತು ಕೇಳಬಾರದಿತ್ತೇನು ಅಂತ.”

ತಪ್ಪಾಯಿತು ಎಂಬ ಮಾತು ಬಾಯಿಗೆ ಬಂದಿತ್ತು, ಆ ಪಡಸಾಲೆಯಲ್ಲಿ ಅದು ತೀರ ಚಿಕ್ಕದಾಗಿ ಕಂಡಿತು. ಅತ್ತೆ ಎದ್ದು ಒಳಗೆ ಹೋದಳು. ಬಹಳ ಹೊತ್ತಿನ ಮೇಲೆ ಬಾಗಿಲಿಗೆ ಬಂದು ನಿಂತು ಹೇಳಿದಳು: “ಎರಡನೇ ಹಗೇವು ಹಂಗ ಐತಿ. ಮಳಿಗಾಲಕ್ಕ ಮೊದಲು ತೆಗೀಬೇಕು, ಮನ್ಯಾಗ ಕಾಳು ಮುಗೀತಾ ಬಂದೈತಿ. ತಾತ ಇಲ್ಲ. ಎಷ್ಟೊತ್ತು ಬಿಡಬೇಕು, ಅದನ್ನರ ಖರೇ ಲೆಕ್ಕ ಮಾಡಿ ಹೇಳು.”

ಆ ಮನೆಯಲ್ಲಿ ನನಗೆ ಉಣ್ಣು ಎಂದು ಯಾರೂ ಹೇಳದೆ ಹೊರಟ ದಿನ ಅದೊಂದೇ.

ಇವತ್ತಿಗೆ ಇಪ್ಪತ್ತು ದಿನ ಆಯಿತು. ಅತ್ತೆಗೆ ಉತ್ತರ ಕೊಟ್ಟಿಲ್ಲ. ಕಲಕದ ಗಾಳಿಗೆ ನನ್ನ ಬಳಿ ಸೂತ್ರ ಇದೆ. ಆದರೆ ತಾತ ಎಂದೂ ಆರು ದಿನ ಬಿಟ್ಟವನಲ್ಲ. ಒಂದೇ ರಾತ್ರಿ ಬಿಡುತ್ತಿದ್ದ, ಅವನ ಕೈಯಲ್ಲಿ ಒಬ್ಬರಿಗೂ ಏನೂ ಆಗಿರಲಿಲ್ಲ. ಹಾಗಾದರೆ ರಾತ್ರಿ ಏನೋ ಮಾಡುತ್ತದೆ. ತಣಿದ ಗಾಳಿ ಕೆಳಗಿಳಿದು ಒಳಗಿನದನ್ನು ಮೇಲೆ ತಳ್ಳುತ್ತದೆಯೋ, ಅಥವಾ ಕೆಲಸವೆಲ್ಲ ಬೇವಿನದೋ, ನನಗೆ ತಿಳಿಯದು. ಮೇಷ್ಟ್ರಿಗೂ ತಿಳಿಯದು, ಅವರು ಹಗೇವು ನೋಡಿದವರಲ್ಲ.

ಎರಡನೆಯ ಹಗೇವಿನ ಬಾಯಿ ಎರಡಡಿ, ಆಳ ಹದಿನಾರು ಅಡಿ, ಮುಚ್ಚಿ ನಾಲ್ಕನೆಯ ವರ್ಷ. ಕಾಳು ಎಷ್ಟು ಕೆಳಗಿದೆಯೋ ಗೊತ್ತಿಲ್ಲ. ಇದನ್ನು ಓದುವವರಲ್ಲಿ ಯಾರಾದರೂ ಹಗೇವು ತೆಗೆಸಿದ್ದರೆ, ಅಥವಾ ತೆಗೆಯುವವರ ಮಕ್ಕಳಾಗಿದ್ದರೆ, ಇದನ್ನು ಅಚ್ಚು ಹಾಕಿದವರ ವಿಳಾಸಕ್ಕೆ ದಯವಿಟ್ಟು ಒಂದು ಕಾರ್ಡು ಬರೆಯಿರಿ. ಬಾಯಿ ಎಷ್ಟು, ಆಳ ಎಷ್ಟು, ಎಷ್ಟು ಹೊತ್ತು ಬಿಟ್ಟಿರಿ, ಏನನ್ನು ಎಷ್ಟು ಸಲ ಇಳಿಸಿ ಎತ್ತಿದಿರಿ, ದೀಪ ಎಷ್ಟು ಕೆಳಗೆ ಹೋಗುವವರೆಗೆ ಉರಿಯಿತು. ನೀವೇ ಕಣ್ಣಾರೆ ಕಂಡದ್ದನ್ನು ಬರೆಯಿರಿ. ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎಂದೇ ಬರೆಯಿರಿ. ಅಂದಾಜು ಮಾತ್ರ ಬೇಡ.